ಅಂಗಡಿಯ ಕಂಪ್ಯೂಟರ್, ಮನೆಯ ತಾಟು

ವ್ಯಾಪಾರಸ್ಥರ ಮನೆಗಳಲ್ಲಿ ಎರಡು ವಿಷಯಗಳ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಸಿಗುವುದಿಲ್ಲ. ಒಂದು ಅಂಗಡಿಯ ಕಂಪ್ಯೂಟರ್, ಇನ್ನೊಂದು ತಾಟಿನಲ್ಲಿ ಬಡಿಸಿದ ಪದಾರ್ಥ. ಎರಡನ್ನೂ ದಿನಾಲು ಬಳಸುತ್ತೇವೆ. ಎರಡರ ಒಳಗೂ ಏನಿದೆ ಎಂದು ತಿರುವಿ ನೋಡುವವರು ಮಾತ್ರ ಕಡಿಮೆ. ನಮ್ಮ ಮನೆಯೂ ಇದಕ್ಕೆ ಹೊರತಲ್ಲ.

ನಮ್ಮದು ಅಕ್ಕಲಕೋಟೆಯಲ್ಲಿ ಕಿರಾಣಿ ಮತ್ತು ಕಾಳುಕಡಿಯ ಅಂಗಡಿ. ಅಪ್ಪ ಹಾಕಿದ್ದು, ಅಣ್ಣನೂ ನಾನೂ ಬೆಳೆಸಿದ್ದು, ಈಗ ಹೆಚ್ಚಿನ ಭಾರ ಅಣ್ಣನ ಮಗನ ಮೇಲಿದೆ. ಲೆಕ್ಕಪತ್ರ ಅವನ ಹೆಂಡತಿಯ ಕೈಯಲ್ಲಿ. 2025 ರ ಡಿಸೆಂಬರಿನ ಒಂದು ರವಿವಾರ ಎಲ್ಲರೂ ಸಂಜೆ ಐದಕ್ಕೇ ಊಟಕ್ಕೆ ಕುಳಿತಿದ್ದೆವು. ಚಳಿಗಾಲದಲ್ಲಿ ನಮ್ಮ ಕಡೆ ಆರು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ, ತಡಮಾಡಿದರೆ ಅವ್ವ ಒಪ್ಪುವುದಿಲ್ಲ. ಅಂದು ಪುಣೆಯಿಂದ ನನ್ನ ಮಗಳೂ ಬಂದಿದ್ದಳು. ಆಗ ಹೊಸ ಕಂಪ್ಯೂಟರಿನ ಮಾತು ಬಂತು.

ಮಾತು ಬರಲು ಕಾರಣವಿತ್ತು. ವಿಂಡೋಸ್ 10 ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025 ರ ಅಕ್ಟೋಬರ್ 14 ಕ್ಕೆ ನಿಂತಿತು. ನಮ್ಮ ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಾಕಲು ಹೋದರೆ, ಅದು ಕೇಳುವ ಸುರಕ್ಷತೆಯ ಚಿಪ್ ಇದರಲ್ಲಿಲ್ಲ. ಯಂತ್ರ ಚೆನ್ನಾಗಿಯೇ ನಡೆಯುತ್ತಿದೆ, ಆದರೂ ಬದಲಿಸಬೇಕು. ಇದು ಅಪ್ಪನಿಗೆ ಅರ್ಥವಾಗಲಿಲ್ಲ. "ತಕ್ಕಡಿ ಸರಿ ಅದ, ಆದರ ಹೊಸಾ ತಕ್ಕಡಿ ತಗೋ ಅಂದಂಗಾತು" ಎಂದರು. ಮಾತಿನಲ್ಲಿ ಸತ್ಯವಿಲ್ಲದೇ ಇಲ್ಲ.

ಅಣ್ಣನ ಮಗ 16 ಜಿಬಿ ರ‍್ಯಾಮ್ ಬೇಕೇ ಬೇಕು ಎಂದ. ಅಣ್ಣ, "ಆ ಕರ್ ಕರ್ ಪ್ರಿಂಟರ್ ಮೊದಲು ತೆಗಿ, ಗಿರಾಕಿ ಮುಂದ ನಾಚಿಕಿ ಬರ್ತದ" ಎಂದ. ಮಗಳು, ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲೇ ಇಡಿ, ಯಂತ್ರ ಯಾವುದಾದರೇನು ಎಂದಳು. ಸೊಸೆ ಮಾತ್ರ ಏನೂ ಹೇಳದೆ ರೊಟ್ಟಿ ಬಡಿಸುತ್ತಿದ್ದಳು. ದಿನವೂ ಆರು ತಾಸು ಆ ಯಂತ್ರದ ಮುಂದೆ ಕೂಡುವವಳು ಅವಳೊಬ್ಬಳೇ. ಅವಳನ್ನು ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆದದ್ದು ಊಟ ಮುಗಿದ ಮೇಲೆ.

ಕೀರ್ದಿಯಿಂದ ಕೀಲಿಮಣೆಗೆ

ನಮ್ಮ ಅಂಗಡಿಗೆ ಮೊದಲ ಕಂಪ್ಯೂಟರ್ ಬಂದದ್ದು 1997 ರಲ್ಲಿ. ಅದಕ್ಕೆ ಮುಂಚೆ ಕೆಂಪು ಬಟ್ಟೆಯ ಕೀರ್ದಿ, ಖತಾವಣಿ. ದೀಪಾವಳಿಗೆ ಹೊಸ ವಹಿಯ ಪೂಜೆ, ಅಂದಿನಿಂದಲೇ ಹೊಸ ವರ್ಷದ ಲೆಕ್ಕ. ಆದಾಯ ತೆರಿಗೆಗೆ ಎಲ್ಲರೂ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷವನ್ನೇ ಹಿಡಿಯಬೇಕು ಎಂಬ ನಿಯಮ 1989 ರ ಏಪ್ರಿಲ್ 1 ರಿಂದ ಬಂತು. ಪೂಜೆ ದೀಪಾವಳಿಗೇ ಉಳಿಯಿತು, ಲೆಕ್ಕ ಮಾರ್ಚ್‌ಗೆ ಸರಿಯಿತು. ಹಿರಿಯರು ಅದಕ್ಕೂ ಹೊಂದಿಕೊಂಡರು.

ನಮ್ಮ ದಿವಾಣಜಿಗಳು ಕಂಪ್ಯೂಟರನ್ನು ಒಪ್ಪಲು ಎರಡು ವರ್ಷ ಹಿಡಿಯಿತು. ಅವರು ಒಪ್ಪಿದ್ದು ವೇಗವನ್ನು ಕಂಡಲ್ಲ. ಆ ದಿನಗಳ ಬಹಳಷ್ಟು ಲೆಕ್ಕದ ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಕೊಡಬೇಕಿತ್ತು. ಹೆಸರು ಬಿಟ್ಟು ನಂಬರಿನಿಂದ ಗಿರಾಕಿಯನ್ನು ಗುರುತಿಸುವುದು ಅವರಿಗೆ ಅಪಮಾನದಂತೆ ಕಾಣುತ್ತಿತ್ತು. ಟ್ಯಾಲಿಯಲ್ಲಿ ಹೆಸರನ್ನೇ ಬರೆಯಬಹುದು ಎಂದು ತೋರಿಸಿದಾಗ ಅವರು ಕುರ್ಚಿ ಎಳೆದುಕೊಂಡು ಕುಳಿತರು.

ಹೀಗೆ ಆದದ್ದಕ್ಕೆ ಒಂದು ಹಿನ್ನೆಲೆಯಿದೆ. ಟ್ಯಾಲಿ ಹುಟ್ಟಿದ್ದೇ ವ್ಯಾಪಾರಿಯ ಮನೆಯಲ್ಲಿ. 1986 ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮ್ಮ ವ್ಯವಹಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ಸಿಗದೆ, ಮಗ ಭರತ್ ಗೋಯೆಂಕಾ ಅವರಿಗೆ ನೀನೇ ಬರೆ ಎಂದರು. ಅಪ್ಪ ಲೆಕ್ಕ ಹೇಗೆ ಬರೆಯುತ್ತಿದ್ದರೋ ಹಾಗೆಯೇ ಮಗ ತಂತ್ರಾಂಶ ಬರೆದದ್ದರಿಂದ ಅದು ಗುಮಾಸ್ತರ ಕೈಗೆ ಹೊಂದಿಕೊಂಡಿತು. ಭರತ್ ಗೋಯೆಂಕಾ ಅವರಿಗೆ 2020 ರಲ್ಲಿ ಪದ್ಮಶ್ರೀ ಬಂತು. ಯಾವ ತಂತ್ರಾಂಶ ಒಳ್ಳೆಯದು ಎಂದು ನನ್ನನ್ನು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಅಂಗಡಿಯಲ್ಲಿ ಲೆಕ್ಕ ಬರೆಯುವವರು ಯಾವುದರ ಮುಂದೆ ಕುರ್ಚಿ ಎಳೆದುಕೊಳ್ಳುತ್ತಾರೋ ಅದು.

ಹತ್ತೊಂಬತ್ತು ದಿನ

2008 ರ ಆಗಸ್ಟ್. ನಮ್ಮ ಭಾಗದಲ್ಲಿ ಆಗ ವಿದ್ಯುತ್ ಕಡಿತ ದಿನಕ್ಕೆ ತಾಸುಗಟ್ಟಲೆ ಇತ್ತು. ಯು.ಪಿ.ಎಸ್. ಬ್ಯಾಟರಿ ಸತ್ತು ಒಂದು ವರ್ಷವಾಗಿತ್ತು. ಬದಲಿಸೋಣ, ಬದಲಿಸೋಣ ಎನ್ನುತ್ತಲೇ ಇದ್ದೆವು. ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು, ಮತ್ತೆ ಹೋಗಿ ಬಂತು. ಕಂಪ್ಯೂಟರ್ ಏಳಲಿಲ್ಲ. ಒಳಗಿನಿಂದ ಗಡಿಯಾರದಂತೆ ಟಕ್ ಟಕ್ ಸದ್ದು.

ರಿಪೇರಿಯ ಹುಡುಗ ಬಂದು ನೋಡಿ, ಹಾರ್ಡ್ ಡಿಸ್ಕ್ ಹೋಗಿದೆ, ಬ್ಯಾಕಪ್ ಎಲ್ಲಿದೆ ಎಂದು ಕೇಳಿದ. ನಾನು ಹೆಮ್ಮೆಯಿಂದ, ವಾರಕ್ಕೊಮ್ಮೆ ತಪ್ಪದೆ ಡಿ ಡ್ರೈವ್‌ನಲ್ಲಿ ಇಟ್ಟಿದ್ದೇನೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಹೇಬ್ರ, ಸಿ ಮತ್ತ ಡಿ ಒಂದೇ ಕಪಾಟಿನ ಎರಡು ಖಾನಿ. ಕಪಾಟೇ ಹೋಗ್ಯದಲ್ರೀ" ಎಂದ. ಹನ್ನೊಂದು ವರ್ಷ ಕಂಪ್ಯೂಟರ್ ಬಳಸಿದ ನನಗೆ ಆ ದಿನ ಗೊತ್ತಾದ ಸಂಗತಿ ಇದು. ಈಗಲೂ ನಮ್ಮ ಬಾಂಧವರ ಎಷ್ಟೋ ಅಂಗಡಿಗಳಲ್ಲಿ ಬ್ಯಾಕಪ್ ಡಿ ಡ್ರೈವ್‌ನಲ್ಲೇ ಇರುವುದನ್ನು ಕಂಡಿದ್ದೇನೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಮೂರು ವರ್ಷದ ಖರೀದಿ, ಮಾರಾಟ, ಉದ್ದರಿ ಎಲ್ಲವೂ ಅದರೊಳಗಿತ್ತು. ತಂತ್ರಾಂಶ ಕೊಟ್ಟವರನ್ನು ಸಹಾಯ ಕೇಳೋಣವೆಂದರೆ ಕೇಳುವ ಬಾಯಿ ನಮಗಿರಲಿಲ್ಲ. ನಾವು ಬಳಸುತ್ತಿದ್ದದ್ದು ಹಣ ಕೊಡದೆ ಯಾರಿಂದಲೋ ತಂದ ನಕಲು ಪ್ರತಿ. ಎಲ್ಲರೂ ಹಾಗೇ ಮಾಡುತ್ತಾರೆ ಎಂದು ನಾವೂ ಮಾಡಿದ್ದೆವು.

ಕೈ ಹಿಡಿದದ್ದು ಅಣ್ಣ ನಾಚುವ ಆ ಕರ್ ಕರ್ ಪ್ರಿಂಟರ್. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಸಣ್ಣ ಸೂಜಿಗಳು ಶಾಯಿಯ ಪಟ್ಟಿಯ ಮೇಲೆ ಬಡಿಯುತ್ತವೆ. ಬಡಿಯುವುದರಿಂದಲೇ ಕೆಳಗಿನ ಕಾರ್ಬನ್ ಪ್ರತಿಯೂ ಮೂಡುತ್ತದೆ. ಆ ಪ್ರತಿಗಳನ್ನು ದಿವಾಣಜಿಗಳು ತಿಂಗಳವಾರು ಸುತಳಿ ಕಟ್ಟಿ ಅಟ್ಟಕ್ಕೆ ಹಾಕಿದ್ದರು. ಅವರೂ ನಾನೂ, ಕಾಲೇಜಿಗೆ ರಜೆ ಹಾಕಿದ ಮಗಳೂ ಕುಳಿತು ಹತ್ತೊಂಬತ್ತು ದಿನ ಮರುಬರಹ ಮಾಡಿದೆವು. ಎರಡು ತಿಂಗಳ ಕಟ್ಟನ್ನು ಮಾತ್ರ ಗೆದ್ದಲು ತಿಂದಿತ್ತು. ಆ ಎರಡು ತಿಂಗಳ ಉದ್ದರಿಗೆ ಗಿರಾಕಿಗಳನ್ನೇ ಕೇಳಬೇಕಾಯಿತು. ಅವರು ಹೇಳಿದಷ್ಟನ್ನೇ ಬರೆದುಕೋ ಎಂದರು ಅಪ್ಪ. ಹಳ್ಳಿಯ ಒಬ್ಬ ರೈತರು ನಮ್ಮ ಅಂದಾಜಿಗಿಂತ 4,300 ರೂಪಾಯಿ ಹೆಚ್ಚು ಹೇಳಿದರು. ಊರೊಳಗಿನ ಒಬ್ಬ ಪ್ರತಿಷ್ಠಿತರಿಗೆ ಏನೂ ನೆನಪಾಗಲಿಲ್ಲ. ಎರಡೂ ಖಾತೆಗಳು ಈಗಲೂ ಚಾಲ್ತಿಯಲ್ಲಿವೆ.

ಇಪ್ಪತ್ತನೆಯ ದಿನ ಅಪ್ಪ ನನ್ನನ್ನು ಕರೆದು, "ಉಳ್ಳಾಗಡ್ಡಿ ಬಿಟ್ಟೀವಿ, ಬಳ್ಳೊಳ್ಳಿ ಬಿಟ್ಟೀವಿ. ಕದ್ದ ಮಾಲು ಬಿಡಲಿಲ್ಲಲ್ಲೋ?" ಎಂದರು. ಅಚೌರ್ಯವನ್ನು ನಾವು ತಕ್ಕಡಿಗೆ, ಗಜಕ್ಕೆ ಅನ್ವಯಿಸಿದ್ದೆವು, ಸಿ.ಡಿ.ಗೆ ಅನ್ವಯಿಸಿರಲಿಲ್ಲ. ಮರುದಿನವೇ ಸೊಲ್ಲಾಪುರಕ್ಕೆ ಹೋಗಿ ಪರವಾನಗಿ ಪ್ರತಿ ಕೊಂಡು ತಂದೆ.

ಯಂತ್ರದ ಬಗ್ಗೆ ನನ್ನ ಮಾತು

ಈಗಿನ ಖರೀದಿಗೆ ಬರುತ್ತೇನೆ. ಬಿಲ್ಲು ಬರೆಯುವ, ಜಿ.ಎಸ್.ಟಿ. ಸಲ್ಲಿಸುವ ಅಂಗಡಿಗೆ 8 ಜಿಬಿ ರ‍್ಯಾಮ್ ಧಾರಾಳ. ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ. ಇರಲಿ. ಅದರಲ್ಲಿ ತಿರುಗುವ ಭಾಗವಿಲ್ಲ, ಯಂತ್ರ ಬೇಗ ಏಳುತ್ತದೆ. ಆದರೆ ಅದೂ ಸಾಯುತ್ತದೆ, ಅದೂ ಟಕ್ ಟಕ್ ಎಂದು ಮುನ್ಸೂಚನೆ ಕೊಡದೆ. ಉಳಿದ ಹಣವನ್ನು ಯು.ಪಿ.ಎಸ್.ಗೆ ಹಾಕಿ, ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಮುದಿಯಾಗುತ್ತದೆ ಎಂಬುದನ್ನು ಗೋಡೆಯ ಮೇಲೆ ಬರೆದಿಡಿ.

ಕಿರಾಣಿ ಅಂಗಡಿಯ ಕಂಪ್ಯೂಟರಿಗೆ ದೊಡ್ಡ ಶತ್ರು ಹಿಟ್ಟು ಮತ್ತು ಮೆಣಸಿನಪುಡಿಯ ಧೂಳು. ಒಳಗಿನ ಫ್ಯಾನು ಅದನ್ನೆಲ್ಲ ಎಳೆದುಕೊಂಡು ಕಂಬಳಿಯಂತೆ ಹೊದೆಯುತ್ತದೆ, ಯಂತ್ರ ಕಾದು ನಿಧಾನವಾಗುತ್ತದೆ. ನಿಧಾನವಾಯಿತೆಂದು ಹೊಸದು ಕೊಂಡವರು ಎಷ್ಟೋ ಜನ. ಮೂರು ತಿಂಗಳಿಗೊಮ್ಮೆ ತೆರೆದು ಒರೆಸಿದರೆ ಸಾಕಿತ್ತು. ನಮ್ಮಲ್ಲಿ ಬ್ಲೋವರ್ ಹಚ್ಚುವ ಮುಂಚೆ ಮೆತ್ತನೆಯ ಕುಂಚದಿಂದ ಒಮ್ಮೆ ಸವರಬೇಕು, ಒಳಗೆ ಜೇಡ ಗೀಡ ಇದ್ದರೆ ಹೊರಬರಲಿ ಎಂಬುದು ಅವ್ವನ ಅಪ್ಪಣೆ. ರಿಪೇರಿಯ ಹುಡುಗ ಮೊದಲು ನಕ್ಕಿದ್ದ. ಈಗ ಅವನ ಚೀಲದಲ್ಲೇ ಒಂದು ಕುಂಚ ಇರುತ್ತದೆ.

ಪ್ರಿಂಟರಿನ ವಿಷಯದಲ್ಲಿ ನಾನು ಅಣ್ಣನ ವಿರುದ್ಧ. ಈಗ ಎಲ್ಲೆಡೆ ಬರುವ ಸಣ್ಣ ಥರ್ಮಲ್ ಪ್ರಿಂಟರಿಗೆ ಶಾಯಿಯೇ ಇಲ್ಲ, ಕಾಗದವೇ ಬಿಸಿಗೆ ಕಪ್ಪಾಗುತ್ತದೆ. ಸದ್ದಿಲ್ಲ, ಖರ್ಚಿಲ್ಲ, ಗಿರಾಕಿಗೆ ಕೊಡಲು ಚೆನ್ನ. ಆದರೆ ಬಿಸಿಲು, ಸೆಕೆ, ಪ್ಲಾಸ್ಟಿಕ್ ಚೀಲ ತಗುಲಿದರೆ ಅಕ್ಷರ ಮಾಸುತ್ತದೆ. ಜಿ.ಎಸ್.ಟಿ. ಕಾಯಿದೆಯ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಪತ್ರದ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. ನೀವು ಮಾಲು ತರುವಾಗ ಥರ್ಮಲ್ ಬಿಲ್ಲು ಕೊಟ್ಟರೆ ಅಂದೇ ಅದರ ಜೆರಾಕ್ಸ್ ಮಾಡಿಸಿ, ಇಲ್ಲವೇ ಫೋಟೋ ತೆಗೆದಿಡಿ. ಬಿಳಿ ಕಾಗದ ತೋರಿಸಿ ತೆರಿಗೆ ಅಧಿಕಾರಿಗಳ ಮುಂದೆ ಏನು ಹೇಳುತ್ತೀರಿ?

ಬ್ಯಾಕಪ್ ಮೂರು ಕಡೆ ಇರಲಿ: ಯಂತ್ರದಲ್ಲಿ, ಹೊರಗಿನ ಡಿಸ್ಕಿನಲ್ಲಿ, ಅಂಗಡಿಯ ಆಚೆ ಇನ್ನೊಂದೆಡೆ. ಹೊರಗಿನ ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಡಬೇಡಿ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಬಂದರೆ ಅದಕ್ಕೂ ಬೀಗ ಬೀಳುತ್ತದೆ.

ಆಯಿಯ ಚಟ್ನಿ

ಇನ್ನೊಂದು ನಷ್ಟ ನಮಗೆ ತಿಳಿಯದೇ ಆಗಿತ್ತು. 2003 ರಲ್ಲಿ ನನ್ನ ಮಗಳು ಶಾಲೆಯಲ್ಲಿದ್ದಾಗ ಕನ್ನಡ ಟೈಪಿಂಗ್ ಕಲಿಯುವ ಹುರುಪಿನಲ್ಲಿ, ಆಯಿಯ ಮುಂದೆ ಕುಳಿತು ಅವರು ಹೇಳಿದ ಅಡುಗೆಗಳನ್ನೆಲ್ಲ ಬರೆದುಕೊಂಡಿದ್ದಳು. ಉಪ್ಪಿನಕಾಯಿ, ಚಟ್ನಿ, ಚಾತುರ್ಮಾಸದ ಅಡುಗೆ ಸೇರಿ ನಲವತ್ತು ಪುಟ. ಆಯಿ 2006 ರಲ್ಲಿ ತೀರಿಕೊಂಡರು. ಕಡತ ಒಂದು ಸಿ.ಡಿ.ಯಲ್ಲಿತ್ತು, ಆದ್ದರಿಂದ 2008 ರ ಅನಾಹುತದಲ್ಲಿ ಉಳಿಯಿತು. ವರ್ಷಗಳ ನಂತರ ಸೊಸೆ ಅದನ್ನು ತೆರೆದಾಗ ಒಂದಕ್ಷರ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ತಲೆಯ ಮೇಲೆ ಟೊಪ್ಪಿಗೆ, ಬುಡದಲ್ಲಿ ಬಾಲ. ಪುಟದ ತುಂಬ ಅದೇ.

ವಿಷಯ ಹೀಗಿದೆ. ಆ ಕಾಲದ ಕನ್ನಡ ತಂತ್ರಾಂಶಗಳಲ್ಲಿ ಯಂತ್ರ ನೆನಪಿಡುತ್ತಿದ್ದದ್ದು ಇಂಗ್ಲಿಷ್ ಅಕ್ಷರದ ಸಂಕೇತವನ್ನೇ. ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತಿದ್ದದ್ದು ಅಕ್ಷರಶೈಲಿ. ಆ ಶೈಲಿ ಇಲ್ಲದ ಯಂತ್ರದಲ್ಲಿ ಅಂಗಿ ಕಳಚಿ ಬೀಳುತ್ತದೆ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿದೆ. 1991 ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಳ ಸಿಕ್ಕಿತ್ತು. ಬಳಕೆಗೆ ಬರಲು ಮಾತ್ರ ವರ್ಷಗಳು ಹಿಡಿದವು. ಹಳೆಯ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳಿವೆ. ಸೊಸೆ ಎರಡು ಮಧ್ಯಾಹ್ನ ಕುಳಿತು ನಲವತ್ತು ಪುಟವನ್ನೂ ಮರಳಿ ಕನ್ನಡಕ್ಕೆ ತಂದಳು. ನಿಮ್ಮ ಮನೆಯಲ್ಲೂ ಲಗ್ನಪತ್ರಿಕೆ, ವಂಶಾವಳಿ, ಬಸದಿಯ ಲೆಕ್ಕ ಎಂದು ಹಳೆಯ ಕಡತಗಳಿದ್ದರೆ ಈಗಲೇ ಬದಲಿಸಿಕೊಳ್ಳಿ. ಒಂದು ಪ್ರತಿಯನ್ನು ಕಾಗದದ ಮೇಲೂ ಇಡಿ.

ಗಡಿಯಾಚೆ ಇರುವ ನಮ್ಮಂಥವರಿಗೆ ಇನ್ನೊಂದು ಅನುಕೂಲವಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸ ಭಾರತದ ಲಿಪಿಗಳಿಗೆಲ್ಲ ಒಂದೇ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಮರಾಠಿಯ 'ಕ' ಇರುವ ಕೀಲಿಯಲ್ಲೇ ಕನ್ನಡದ 'ಕ'. ಅಂಗಡಿಯಲ್ಲಿ ಮರಾಠಿ ಬಿಲ್ಲು ಹೊಡೆಯಲು ಅದನ್ನು ಕಲಿತ ನಮ್ಮ ಸೊಸೆಗೆ ಕನ್ನಡ ಟೈಪಿಂಗ್ ಹೊಸದಾಗಿ ಕಲಿಯಬೇಕಾಗಲೇ ಇಲ್ಲ. ಆದವಾನಿಯಲ್ಲಿ ತೆಲುಗು, ಹೊಸೂರಿನಲ್ಲಿ ತಮಿಳು, ಕಾಸರಗೋಡಿನಲ್ಲಿ ಮಲಯಾಳ ಹೊಡೆಯುವವರಿಗೂ ಹೀಗೆಯೇ. ಶಾಲೆಯಲ್ಲಿ ಕನ್ನಡ ಸಿಗದ ಮಕ್ಕಳಿಗೆ ಇದೊಂದು ಕಿಂಡಿ.

ಹಸಿರು ಚುಕ್ಕೆಯ ಒಳಗೆ

ಆ ರವಿವಾರ ಕಂಪ್ಯೂಟರಿನ ಚರ್ಚೆ ನಡೆದಿದ್ದಾಗಲೇ ಅಣ್ಣನ ಮೊಮ್ಮಗ ಬಣ್ಣದ ಮಿಠಾಯಿಯ ಪೊಟ್ಟಣ ತಂದು ಅವ್ವನ ಮುಂದೆ ಹಿಡಿದ. ಅವ್ವ ಕನ್ನಡಕ ಏರಿಸಿ ನೋಡಿ, "ಹಸರ ಚುಕ್ಕಿ ಅದ, ತಿನ್ನು" ಎಂದರು. ಸೊಸೆ ಪೊಟ್ಟಣ ತಿರುವಿ, "ಅಮ್ಮಾ, ಇದರಾಗ 904 ಅದರೀ" ಎಂದಳು. ಮನೆಯವರೆಲ್ಲ ಅವಳ ಮುಖ ನೋಡಿದರು.

ಹಸಿರು ಚುಕ್ಕೆ ಎಷ್ಟೋ ವರ್ಷಗಳಿಂದ ನಮ್ಮ ಪೊಟ್ಟಣಗಳ ಮೇಲೆ ಬರುತ್ತಿದೆ. ಅದು ಬಂದ ಮೇಲೆ ನಾವು ನಿಶ್ಚಿಂತರಾದೆವು. ಆದರೆ ಅದು ಕಾಯಿದೆಯ ಸಸ್ಯಾಹಾರ, ನಮ್ಮ ಮನೆಯ ಸಸ್ಯಾಹಾರವಲ್ಲ. ಕಾಯಿದೆ ಮಾಂಸಾಹಾರವನ್ನು ವಿವರಿಸುವಾಗ ಹಾಲಿನ ಜೊತೆಗೆ ಜೇನುತುಪ್ಪ, ಜೇನುಮೇಣ ಮತ್ತು ಅರಗನ್ನೂ ಹೊರಗಿಟ್ಟಿದೆ. ಅಂದರೆ ಇವು ಹಸಿರು ಚುಕ್ಕೆಯಡಿ ಬರಬಹುದು. ಮಿಠಾಯಿ, ಚಾಕಲೇಟುಗಳಿಗೆ ಹೊಳಪು ಕೊಡುವ 904 ಎಂದರೆ ಅರಗು, ಕೀಟದಿಂದ ಬರುವುದು. 901 ಎಂದರೆ ಜೇನುಮೇಣ. ಜೇನನ್ನು ಮುಟ್ಟದ ಮನೆಯವರು ಮುಂಬದಿಯ ಚುಕ್ಕೆ ಮಾತ್ರ ನೋಡಿದರೆ ಸಾಲದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳಂತೂ ಹಸಿರು ಚುಕ್ಕೆಯವೇ. ಬರೀ 'ಸ್ಟಾರ್ಚ್' ಎಂದಿದ್ದರೆ ಅದು ಮೆಕ್ಕೆಜೋಳದ್ದೋ ಆಲೂಗಡ್ಡೆಯದೋ ತಿಳಿಯುವುದಿಲ್ಲ.

ಹಾಗೆಂದು ಫೋನಿಗೆ ಬರುವ ಹೆದರಿಕೆಯ ಸಂದೇಶಗಳನ್ನೆಲ್ಲ ನಂಬಬೇಡಿ. ನೂಡಲ್ಸ್, ಚಿಪ್ಸುಗಳಲ್ಲಿರುವ 631 ಎಂದರೆ ಹಂದಿಯ ಕೊಬ್ಬು ಎಂಬ ಸಂದೇಶ ವರ್ಷಕ್ಕೆರಡು ಬಾರಿ ನಮ್ಮ ಮನೆಗೂ ಬರುತ್ತದೆ. 631 ಕೊಬ್ಬೇ ಅಲ್ಲ, ರುಚಿ ಹೆಚ್ಚಿಸುವ ಒಂದು ಲವಣ. ಮಾಂಸ, ಮೀನಿನಿಂದಲೂ ಮಾಡಬಹುದು, ಪಿಷ್ಟವನ್ನು ಹುದುಗಿಸಿಯೂ ಮಾಡಬಹುದು. ಪ್ರಾಣಿಮೂಲದ್ದು ಹಾಕಿದರೆ ಹಸಿರು ಚುಕ್ಕೆ ಹಾಕುವಂತಿಲ್ಲ.

ಮಗಳು ಅಂದು ತನ್ನ ಕಚೇರಿಯ ಕ್ಯಾಂಟೀನಿನ ಕಥೆ ಹೇಳಿದಳು. ಅಲ್ಲಿ 'ಜೈನ್' ಎಂದು ಚೀಟಿ ಅಂಟಿಸಿದ ಪಲ್ಯದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ, ಆಲೂಗಡ್ಡೆ ಧಾರಾಳ. ರಾತ್ರಿಯ ಮೀಟಿಂಗುಗಳಿರುವುದರಿಂದ ಸಂಜೆಯ ಊಟವನ್ನು ಮೇಜಿನ ಮೇಲೆ ಕಂಪ್ಯೂಟರಿನ ಮುಂದೆಯೇ ಮುಗಿಸುತ್ತಾಳಂತೆ: ಎರಡು ಕಡಕ್ ರೊಟ್ಟಿ, ಮೊಸರು, ಆಯಿಯ ಶೇಂಗಾ ಚಟ್ನಿ. ಮರಾಠಿ, ತಮಿಳು, ಬಂಗಾಳಿ ಗೆಳತಿಯರು ಆ ಚಟ್ನಿಗೆ ಸರದಿ ಹಚ್ಚುತ್ತಾರಂತೆ. ಎಲ್ಲ ನಿಯಮ ಪಾಲಿಸುತ್ತೇನೆ ಎಂದು ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮನೆಮನೆಗೂ ರೂಢಿ ಬೇರೆ. ಮಕ್ಕಳಿಗೆ ಗದರುವುದಕ್ಕಿಂತ ಪೊಟ್ಟಣ ತಿರುವಿ ಓದಲು ಕಲಿಸುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಆ ರಾತ್ರಿ ನಾನು ಸೊಸೆಯನ್ನು ಕೇಳಿದೆ, ನಿನಗೆ ಯಾವ ಯಂತ್ರ ಬೇಕವ್ವಾ ಎಂದು. "ಮಾಮಾ, ಯಂತ್ರ ಯಾವುದಾದರೂ ಆದೀತು. ಕೀಲಿ ಒತ್ತಿದರ ಬೆರಳಿಗೆ ಗೊತ್ತಾಗುವಂಥ ಕೀಬೋರ್ಡ್ ಬೇಕ್ರೀ, ಕುರ್ಚಿ ಬೇಕ್ರೀ" ಎಂದಳು. ಹನ್ನೊಂದು ವರ್ಷದಿಂದ ಅವಳು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂಡುತ್ತಿದ್ದಳು. ಕುರ್ಚಿ ಮೊದಲು ಬಂತು, ಆಮೇಲೆ 8 ಜಿಬಿಯ ಯಂತ್ರ. ಡಾಟ್ ಮ್ಯಾಟ್ರಿಕ್ಸ್ ಅಲ್ಲಿಯೇ ಇದೆ, ಅಣ್ಣನ ಸಮಾಧಾನಕ್ಕೆ ಪಕ್ಕದಲ್ಲಿ ಒಂದು ಥರ್ಮಲ್. ಹೊರಗಿನ ಡಿಸ್ಕು ಮನೆಯಲ್ಲಿ, ಅವ್ವನ ಉಪ್ಪಿನಕಾಯಿ ಕಪಾಟಿನ ಮೇಲಿನ ಖಾನೆಯಲ್ಲಿ.

ಆಯಿಯ ಚಟ್ನಿಯನ್ನು ಕೇಳಿದವರು ಬಹಳ. ಸೊಲ್ಲಾಪುರದ ಶೇಂಗಾ ಚಟ್ನಿಗೆ ಎಲ್ಲರೂ ಬೆಳ್ಳುಳ್ಳಿ ಹಾಕುತ್ತಾರೆ, ಇದರಲ್ಲಿ ಇಲ್ಲ. ಶೇಂಗಾ ನೆಲದೊಳಗೆ ಬೆಳೆಯುತ್ತದಲ್ಲ ಎಂದು ಮಕ್ಕಳು ಕೇಳುತ್ತಾರೆ. ಅದು ಬೇರಲ್ಲ, ಗಡ್ಡೆಯಲ್ಲ, ಹೂವಿನಿಂದ ನೆಲಕ್ಕಿಳಿದ ಕಾಯಿ. ಅರ್ಧ ಕಿಲೋ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಎರಡು ಚಮಚ ಜೀರಿಗೆಯನ್ನು ಬೇರೆಯಾಗಿ ಹುರಿಯಿರಿ. ನಾಲ್ಕು ಚಮಚ ಕೆಂಪು ಮೆಣಸಿನಪುಡಿ, ಚಿಟಿಕೆ ಇಂಗು ಸೇರಿಸಿ ಒರಳಲ್ಲಿ ಕುಟ್ಟಿ, ಎಣ್ಣೆ ಬಿಟ್ಟು ಮುದ್ದೆ ಕಟ್ಟುವವರೆಗೆ. ಮಿಕ್ಸರಿನಲ್ಲಿ ಹಾಕಿದರೆ ಪುಡಿಯಾಗುತ್ತದೆ, ಚಟ್ನಿಯಾಗುವುದಿಲ್ಲ. ಉಪ್ಪಿನ ಅಳತೆಯ ಜಾಗದಲ್ಲಿ ಮಗಳು 2003 ರಲ್ಲಿ ಟೈಪು ಮಾಡಿದ್ದು ಹೀಗಿದೆ: ಆಯಿ ಕೈಯಿಂದ ಹಾಕಿದರು, ನೋಡಲಿಲ್ಲ.